ಕೈ ತಪ್ಪಿತೋ, ಬೆಳಕು ತಪ್ಪಿತೋ?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಯಾವ ಬೀದಿಯನ್ನು ಹೊಕ್ಕರೂ ಇಂಥ ಮೇಷ್ಟ್ರೊಬ್ಬರು ಸಿಕ್ಕಿಯೇ ಸಿಗುತ್ತಾರೆ. ಮೂವತ್ತೈದು ವರ್ಷ ಹುಡುಗರಿಗೆ ಗಣಿತ ಕಲಿಸಿ ನಿವೃತ್ತರಾದವರು. ಪಿಂಚಣಿಯುಂಟು, ಆರೋಗ್ಯವುಂಟು, ಹೊತ್ತು ಬೇಕಾದಷ್ಟುಂಟು. ಹಿತ್ತಿಲಿನಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ. ಹಿಂದೆ ಅಲ್ಲಿ ಸೌದೆ ಒಟ್ಟುತ್ತಿದ್ದರು. ಮನೆಗೆ ಗ್ಯಾಸು ಬಂದ ಮೇಲೆ ಸೌದೆಯ ಕಾಲ ಮುಗಿದು, ಕೋಣೆ ಮೇಷ್ಟ್ರ ಉಳಿ, ಗರಗಸ, ತೋಪಡಗಳ ಪಾಲಿಗೆ ಬಂದಿತು. ಊಟದ ಮಣೆಗಳು, ದಸರೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲುಗಳು, ದೇವರ ಮಂಟಪ, ನೆರೆಮನೆಯ ಹುಡುಗನ ಓದುವ ಮೇಜು—ಎಲ್ಲವೂ ಹುಟ್ಟಿದುದು ಆ ಕೋಣೆಯಲ್ಲಿಯೇ.

ಈ ಸಲ ಅವರು ಕೈಗೆತ್ತಿಕೊಂಡುದು ತೊಟ್ಟಿಲು. ಬೆಂಗಳೂರಿನಲ್ಲಿರುವ ಮಗನಿಗೆ ಚೊಚ್ಚಲ ಕೂಸು. ನಾಮಕರಣದ ದಿನ ಮಗು ಮಲಗುವುದು ತಾತ ಮಾಡಿದ ತೊಟ್ಟಿಲಿನಲ್ಲಿಯೇ ಆಗಬೇಕೆಂಬುದು ಮೇಷ್ಟ್ರ ಹಟ. ಆದರೆ ಕೈ ಹಿಂದಿನಂತೆ ನಡೆಯಲೊಲ್ಲದು. ಗೆರೆ ಎಳೆದುದೊಂದು ಕಡೆ, ಗರಗಸ ಹೋದುದೊಂದು ಕಡೆ. ಕಾಲಿನಲ್ಲಿ ಕೊರೆದ ತೂತಿಗೆ ಅಡ್ಡಪಟ್ಟಿಯ ತುದಿಯನ್ನು ಕೂರಿಸಿದರೆ ಒಂದು ಮಗ್ಗುಲು ಬಿಗಿ, ಇನ್ನೊಂದು ಮಗ್ಗುಲು ಸಡಿಲ. ಕಡೆಗೊಂದು ಮುಸ್ಸಂಜೆ ಉಳಿ ಜಾರಿ ಎಡಗೈಯ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದುವು.

“ಸಾಕು ಬಿಡಿ ಇನ್ನು. ಅರವತ್ತೆಂಟು ತುಂಬಿತು. ಎಷ್ಟು ವರ್ಷ ಅಂತ ಮಾಡ್ತೀರಿ?” ಎಂದರು ಮನೆಯಾಕೆ.

“ಅಪ್ಪ, ತೊಟ್ಟಿಲು ಅಂಗಡಿಯಲ್ಲಿ ಸಿಗುತ್ತೆ. ಬೆರಳು ಸಿಗೋದಿಲ್ಲ,” ಎಂದು ಮಗ ಬೆಂಗಳೂರಿನಿಂದ ಫೋನು ಮಾಡಿದ.

ಯಾರೂ ಒರಟಾಗಿ ಆಡಲಿಲ್ಲ. ಆದರೂ ಮೇಷ್ಟ್ರಿಗೆ ನೋವಾದುದು ಬೆರಳಿನಲ್ಲಿ ಅಲ್ಲ. ಇಷ್ಟು ವರ್ಷ ಹೇಳಿದಂತೆ ಕೇಳಿದ ಕೈ ಇನ್ನು ತನ್ನದಲ್ಲವೇನೋ ಎಂಬ ಅಳುಕು ಮೊದಲ ಬಾರಿಗೆ ಅವರ ಮನಸ್ಸನ್ನು ಹೊಕ್ಕಿತು. ಕೋಣೆಗೆ ಬೀಗ ಬಿದ್ದಿತು. ಬೀಗದಕೈ ಹೆಂಡತಿಯ ಸೆರಗಿನ ಗಂಟನ್ನು ಸೇರಿತು.

ನಾಲ್ಕು ದಿನದ ಮೇಲೆ ಬೆರಳು ನೋಡಲು ಬಂದವರು ಹಳೆಯ ಸ್ನೇಹಿತರಾದ ಆಚಾರ್ಯರು. ಬೀಟೆಮರದಲ್ಲಿ ಬಗೆಬಗೆಯ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ, ಮೈಸೂರಿಗೆ ಹೆಸರು ತಂದ ಕುಸುರಿಯಲ್ಲಿ ಐವತ್ತು ವರ್ಷ ಸವೆಸಿದವರು. ಮೇಷ್ಟ್ರಿಗಿಂತ ನಾಲ್ಕು ವರ್ಷ ಹಿರಿಯರು. ಕಾಫಿ ಕುಡಿದು ಲೋಟ ಕೆಳಗಿಟ್ಟು, “ಬೆರಳು ಹೇಗೂ ಮಾಯುತ್ತೆ ಮೇಷ್ಟ್ರೆ, ಮೊದಲು ಕೋಣೆ ತೋರಿಸಿ,” ಎಂದರು.

ಬೀಗ ತೆರೆಯಿತು. ಮಾಡಿನ ನಟ್ಟನಡುವಿನಿಂದ ಜೋತುಬಿದ್ದ ಅರವತ್ತು ವ್ಯಾಟಿನ ಒಂದು ಬಲ್ಬು. ಅದರ ಮೇಲೆ ಎಷ್ಟೋ ಕಾಲದ ಮರದ ಪುಡಿ. ಕೆಲಸದ ಮೇಜು ಗೋಡೆಗೆ ಒತ್ತಿ ನಿಂತಿದೆ. ಮೇಜಿನ ಮುಂದೆ ನಿಂತವರಿಗೆ ಬಲ್ಬು ಬೆನ್ನ ಹಿಂದಾಗುತ್ತದೆ. ಅವರ ತಲೆಯ ನೆರಳು ನೇರವಾಗಿ ಉಳಿಯ ಬಾಯಿಯ ಮೇಲೆ ಬೀಳುತ್ತದೆ. ಆಚಾರ್ಯರು ಬಲ್ಬನ್ನೊಮ್ಮೆ, ಮೇಜನ್ನೊಮ್ಮೆ ನೋಡಿದರು.

“ಈ ದೀಪ ನಿಮ್ಮ ಬೆನ್ನಿಗೆ ಹಾಕಿಸಿದ್ದೋ, ಉಳಿಗೆ ಹಾಕಿಸಿದ್ದೋ?”

ಮೇಷ್ಟ್ರಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ಮನೆಮನೆಯಲ್ಲಿಯೂ ಕೇಳಬಹುದು. ಕೈ ನಡುಗಿತು, ಕಣ್ಣು ಮಂಜಾಯಿತು, ವಯಸ್ಸಾಯಿತು ಎಂದು ಜನ ಉಪಕರಣಗಳನ್ನು ಕೆಳಗಿಡುವುದುಂಟು. ಅವರಲ್ಲಿ ಎಷ್ಟೋ ಮಂದಿಗೆ ವಯಸ್ಸು ಮಾಡಿದ ಅಪಕಾರಕ್ಕಿಂತ ಬೆಳಕು ಮಾಡಿದ ಅಪಕಾರವೇ ಹೆಚ್ಚಿರುತ್ತದೆ. ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು, ದೀಪವನ್ನು ತಿರುಗಿಸಬಹುದು.

ಕಣ್ಣಿನ ಮೋಸ

ಬೆಳಕು ಸಾಲದೆಂಬುದು ಮೇಷ್ಟ್ರಿಗೆ ಇಷ್ಟು ದಿನ ತಿಳಿಯಲಿಲ್ಲವೇಕೆ? ಕಣ್ಣು ಅಷ್ಟು ಸಮರ್ಥವಾದುದರಿಂದಲೇ. ಮೇಜಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮೋಡ ಕವಿದ ಹಗಲು ಹತ್ತು ಸಾವಿರದ ಆಸುಪಾಸು. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಕಾಲುಭಾಗ. ಈ ಅಪಾರ ಅಂತರದಲ್ಲಿ ಎಲ್ಲಿ ಬಿಟ್ಟರೂ ಕಣ್ಣು ಹೇಗೋ ಹೊಂದಿಕೊಂಡು ದಾರಿ ಕಾಣುತ್ತದೆ. ಆದುದರಿಂದ ಕೋಣೆಯೊಳಗೆ ಹೊಕ್ಕು ಎರಡು ನಿಮಿಷವಾದರೆ ಮಂದ ಬೆಳಕೂ ಸಾಕಷ್ಟೆನಿಸಿಬಿಡುತ್ತದೆ. ದಾರಿ ಕಾಣಲು ಅದು ನಿಜವಾಗಿಯೂ ಸಾಕು. ಸೀಸದಕಡ್ಡಿಯ ಕೂದಲೆಳೆಯ ಗೆರೆಯನ್ನು ಮರದ ಎಳೆಯಿಂದ ಬೇರ್ಪಡಿಸಿ ಕಾಣಲು ಸಾಲದು. ಬಣ್ಣ ಗಾಢವಾದ ಬೀಟೆ, ಹೊನ್ನೆಗಳಲ್ಲಂತೂ ಗೆರೆಯೂ ಕಪ್ಪು, ಮರವೂ ಕಪ್ಪು. ಮಂದ ಬೆಳಕಿನಲ್ಲಿ ಎರಡೂ ಒಂದಾಗಿ ಹೋಗುತ್ತವೆ.

ಇದರ ಮೇಲೆ ವಯಸ್ಸಿನ ಲೆಕ್ಕ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ; ಒಳಗಿನ ಮಸೂರ ಹಳದಿಗಟ್ಟುತ್ತದೆ. ಒಂದೇ ದೀಪದ ಕೆಳಗೆ ಇಪ್ಪತ್ತರ ಮೊಮ್ಮಗನೂ ಅರವತ್ತರ ತಾತನೂ ಕುಳಿತರೆ, ತಾತನ ಕಣ್ಣಿನ ಒಳಪರದೆಯನ್ನು ಮುಟ್ಟುವ ಬೆಳಕು ಮೊಮ್ಮಗನದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಎಂದರೆ ಮೊಮ್ಮಗನಷ್ಟೇ ಕಾಣಲು ತಾತನಿಗೆ ಮೂರು ಪಟ್ಟು ಬೆಳಕು ಬೇಕು. ಮೂವತ್ತು ವರ್ಷದ ಹಿಂದೆ ಸಾಕಾಗಿದ್ದ ಬಲ್ಬು ಇಂದು ಸಾಲದಿದ್ದರೆ ಬಲ್ಬೂ ಸುಳ್ಳಲ್ಲ, ಕೈಯೂ ಸುಳ್ಳಲ್ಲ.

ಇನ್ನೊಂದು ತೊಡಕೂ ಉಂಟು. ಹಣ್ಣಾದ ಮಸೂರದಲ್ಲಿ ಬೆಳಕು ಚೆದರುತ್ತದೆ. ಆದಕಾರಣ ಬರಿಯ ಬಲ್ಬು ನೇರವಾಗಿ ಕಣ್ಣಿಗೆ ಹೊಡೆದರೆ ವಯಸ್ಸಾದವರಿಗೆ ಹೆಚ್ಚು ಕೋರೈಸುತ್ತದೆ. ದೊಡ್ಡ ದೀಪವೊಂದನ್ನು ತಂದು ಹಳೆಯ ಜಾಗದಲ್ಲಿಯೇ ತೂಗುಹಾಕಿ ಬಿಟ್ಟರೆ ನೆರಳು ಇನ್ನೂ ಕಪ್ಪಾಗುತ್ತದೆ, ಕಣ್ಣು ಇನ್ನೂ ಬೇಗ ಸೋಲುತ್ತದೆ. ಬೆಳಕು ಹೆಚ್ಚಬೇಕು, ಆದರೆ ಅದು ಕೆಲಸದ ಮೇಲೆ ಬೀಳಬೇಕು. ದೀಪ ಕಣ್ಣಿಗೆ ಕಾಣಬಾರದು.

ನಡುಮನೆಯ ಬಲ್ಬು

ಹಿಂದಿನ ಕುಶಲಕರ್ಮಿಗಳಿಗೆ ಈ ಮಾತು ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಸಾಲಿಗ ಬಾಗಿಲ ಬಳಿಯೋ ಕಿಟಕಿಯ ಕೆಳಗೋ ಕುಳಿತು ಕೆಲಸ ಮಾಡಿದ. ಬಡಗಿ ಜಗಲಿಯ ಮೇಲೋ ಮರದ ನೆರಳಿನಲ್ಲಿಯೋ ಮರ ಕೀಸಿದ. ಯೂರೋಪಿನಲ್ಲಿ ಚಮ್ಮಾರರೂ ಲೇಸು ಹೆಣೆಯುವ ಹೆಂಗಸರೂ ನೀರು ತುಂಬಿದ ಗಾಜಿನ ಬುರುಡೆಯನ್ನು ಮೇಣದ ಬತ್ತಿಯ ಮುಂದಿಟ್ಟು, ಅದರ ಬೆಳಕನ್ನು ಒಂದೆಡೆ ಕೂಡಿಸಿ ಸೂಜಿಯ ಮೊನೆಗೆ ಬೀಳಿಸಿಕೊಳ್ಳುತ್ತಿದ್ದರು. ಕೆಲಸವೇ ಬೆಳಕಿನ ಬಳಿಗೆ ಹೋಗುತ್ತಿತ್ತು, ಇಲ್ಲವೆ ಬೆಳಕು ಕೆಲಸದ ಬಳಿಗೆ ಬರುತ್ತಿತ್ತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಮನೆಗಳಿಗೆ ವಿದ್ಯುತ್ತು ಬಂದಾಗ ಕೋಣೆಗೊಂದು ದೀಪವೇ ಭಾಗ್ಯ. ಆ ಒಂದರಲ್ಲಿ ಎಲ್ಲರಿಗೂ ಪಾಲು ಸಿಗಲಿ ಎಂದು ಅದನ್ನು ನಡುವಿನಲ್ಲಿ ತೂಗುಬಿಡುವುದು ನ್ಯಾಯವಾಗಿಯೇ ಇತ್ತು. ಕಾಲ ಬದಲಾದರೂ ವಾಡಿಕೆ ಬದಲಾಗಲಿಲ್ಲ. ಗೋಡೆಗೆ ಮುಖ ಮಾಡಿ ಕೆಲಸ ಮಾಡುವವರಿಗೆ ನಡುವಿನ ದೀಪ ಬೆನ್ನ ಹಿಂದಿನ ದೀಪವೇ ಸರಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ಬೇಕು: ಕತ್ತಲೆಯಿರುವುದು ದೀಪದ ಬುಡದಲ್ಲಲ್ಲ, ಮನುಷ್ಯನ ಮುಂದೆ.

ಮೇಷ್ಟ್ರ ಲೆಕ್ಕ

ಆಚಾರ್ಯರು ಹೋದ ಮೇಲೆ ಮೇಷ್ಟ್ರೊಳಗಿನ ಗಣಿತದ ಅಧ್ಯಾಪಕ ಎಚ್ಚೆತ್ತರು. ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕತೊಡಗಿದರು. ಅವರ ಲೆಕ್ಕವನ್ನು ಯಾರಾದರೂ ಹಾಕಿಕೊಳ್ಳಬಹುದು.

ದೀಪದಿಂದ ಹೊರಡುವ ಒಟ್ಟು ಬೆಳಕಿನ ಮಾನ ಲ್ಯೂಮೆನ್. ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಅರವತ್ತು ವ್ಯಾಟಿನ ತಂತಿಯ ಬಲ್ಬು ಕೊಡುವುದು ಸುಮಾರು 700 ಲ್ಯೂಮೆನ್. ಅದು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಆ ಬಲ್ಬು ಆರೇಳು ಅಡಿ ದೂರದಿಂದ ಮೇಜಿನ ಮೇಲೆ ನೇರವಾಗಿ ಚೆಲ್ಲುವ ಬೆಳಕು ಇಪ್ಪತ್ತು ಲಕ್ಸಿಗೂ ಕಡಮೆ. ಅದರಲ್ಲಿಯೂ ನಡುವೆ ಮೇಷ್ಟ್ರ ತಲೆ! ಸಾಧಾರಣ ಮರಗೆಲಸಕ್ಕೆ ಇಡೀ ಕೋಣೆಯಲ್ಲಿ 300 ಲಕ್ಸ್, ಸೂಕ್ಷ್ಮ ಕೆಲಸ ನಡೆಯುವ ಜಾಗದಲ್ಲಿ 750ರಿಂದ 1,000 ಲಕ್ಸ್ ಇರಬೇಕೆಂದು ದೀಪವ್ಯವಸ್ಥೆ ಬಲ್ಲವರು ಹೇಳುತ್ತಾರೆ.

ಕೋಣೆಯ ವಿಸ್ತಾರ 120 ಚದರ ಅಡಿ, ಎಂದರೆ ಸುಮಾರು 11 ಚದರ ಮೀಟರು. ಹನ್ನೊಂದನ್ನು ಮುನ್ನೂರರಿಂದ ಗುಣಿಸಿದರೆ 3,300 ಲ್ಯೂಮೆನ್. ಆದರೆ ಹೊರಟ ಬೆಳಕೆಲ್ಲ ಮೇಜನ್ನು ಮುಟ್ಟದು. ಗೋಡೆ ನುಂಗುವುದು, ಧೂಳು ನುಂಗುವುದು ಸೇರಿ ಅರ್ಧ ಹೋಯಿತೆಂದೇ ಇಟ್ಟುಕೊಳ್ಳಬೇಕು. ಆಗ ಬೇಕಾಗುವುದು ಆರು ಸಾವಿರಕ್ಕಿಂತ ತುಸು ಹೆಚ್ಚು. ಇಂದಿನ ನಾಲ್ಕಡಿ ಉದ್ದದ ಎಲ್‌ಇಡಿ ಪಟ್ಟಿದೀಪ ಇಪ್ಪತ್ತು ವ್ಯಾಟಿಗೆ ಸುಮಾರು ಎರಡು ಸಾವಿರ ಲ್ಯೂಮೆನ್ ಕೊಡುತ್ತದೆ. ಮೂರು ಪಟ್ಟಿಗಳಿಗೆ ಆರು ಸಾವಿರ. ಹತ್ತಿರ ಹತ್ತಿರ ಸರಿಹೋಯಿತು. ಮೇಷ್ಟ್ರು ಕನ್ನಡಕ ಏರಿಸಿ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. ಮೂರು ಪಟ್ಟಿ ಸೇರಿ ಅರವತ್ತು ವ್ಯಾಟು. ಹಳೆಯ ಬಲ್ಬೂ ಅರವತ್ತೇ! ಮೀಟರು ಓಡುವುದು ಅಷ್ಟೇ, ಬೆಳಕು ಮಾತ್ರ ಎಂಟು ಪಟ್ಟಿಗೂ ಮಿಗಿಲು.

ಈ ಚಮತ್ಕಾರಕ್ಕೆ ಕಾರಣ ಒಂದು ನೀಲಿ ಬೆಳಕು. ಅರೆವಾಹಕದ ಚೂರಿನಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿಯೇ ಹೊರಡಿಸಿದ್ದರು. ಆದರೆ ನೀಲಿಯಿಲ್ಲದೆ ಬಿಳಿಯಿಲ್ಲ. ಪ್ರಖರವಾದ ನೀಲಿ ಸಾಧಿಸಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಆ ಸಾಧನೆಗಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ನೀಲಿ ಬೆಳಕಿನ ಚೂರಿಗೆ ಹಳದಿ ಬೆಳಕು ಸೂಸುವ ಪುಡಿಯನ್ನು ಲೇಪಿಸಿದರೆ ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. 2015ರಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆ ಆರಂಭವಾದ ಮೇಲೆ ಈ ದೀಪಗಳು ಅಗ್ಗವಾಗಿ ನಮ್ಮ ಮನೆಮನೆಗೂ ಬಂದುವು.

ಎಲ್ಲಿ ಇಡಬೇಕು?

ಲೆಕ್ಕದ ಕಾಗದ ಹಿಡಿದು ಮೇಷ್ಟ್ರು ಆಚಾರ್ಯರ ಮನೆಗೆ ಹೋದರು. ಕಾಗದವನ್ನು ನೋಡಿ ಆಚಾರ್ಯರು ನಕ್ಕರು. “ಲೆಕ್ಕ ಸರಿಯಾಗಿದೆ ಮೇಷ್ಟ್ರೆ. ಮೂರನ್ನೂ ನಡುವಿಗೆ ಹಾಕಿದರೆ ಮೂರು ನೆರಳು ಬೀಳುತ್ತೆ, ಅಷ್ಟೆ.”

ಅವರು ಹೇಳಿದ ಏರ್ಪಾಡು ಹೀಗಿತ್ತು. ಒಂದು ಪಟ್ಟಿಯನ್ನು ಮೇಜಿಗೆ ಸಮಾನಾಂತರವಾಗಿ, ಮೇಜಿನ ಮುಂದಂಚಿಗೆ ಸರಿಯಾಗಿ ಮೇಲೆ ಕಟ್ಟಬೇಕು. ಆಗ ನಿಂತವನ ತಲೆ ದೀಪಕ್ಕೂ ಕೆಲಸಕ್ಕೂ ನಡುವೆ ಬರುವುದಿಲ್ಲ. ಮಿಕ್ಕ ಎರಡನ್ನು ಎಡಬಲ ಗೋಡೆಗಳ ಕಡೆಗೆ ಹಂಚಬೇಕು; ಒಂದು ದೀಪದ ನೆರಳನ್ನು ಇನ್ನೊಂದು ತುಂಬುತ್ತದೆ. ಇವು ಕೋಣೆಯ ದೀಪಗಳು. ಕೈಯ ದೀಪವೇ ಬೇರೆ. ಮಡಚುವ ತೋಳಿನ, ಮೇಲೆ ಮುಚ್ಚಳವಿರುವ ಒಂದು ಮೇಜಿನ ದೀಪ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಬಲಗೈಯವರಿಗೆ ಅದು ಎಡಗಡೆ ಇರಬೇಕು, ಎಡಗೈಯವರಿಗೆ ಬಲಗಡೆ. ಇಲ್ಲವಾದರೆ ಕೈಯ ನೆರಳೇ ಉಳಿಗೆ ಮುಸುಕಾಗುತ್ತದೆ.

ಮೇಜಿನ ದೀಪದ ಮಹಿಮೆಯೆಲ್ಲ ಅದರ ಹತ್ತಿರತನದಲ್ಲಿದೆ. ಸಣ್ಣ ದೀಪ ದೂರ ಸರಿದಂತೆ ಅದರ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆಂದು ಮೇಷ್ಟ್ರು ಎಷ್ಟು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದರು! ಆರು ಅಡಿಯಲ್ಲಿರುವ ದೀಪವನ್ನು ಮೂರು ಅಡಿಗೆ ತಂದರೆ ಬೆಳಕು ನಾಲ್ಕು ಪಟ್ಟು. ಒಂದೂವರೆ ಅಡಿಗೆ ತಂದರೆ ಹದಿನಾರು ಪಟ್ಟು. ಮುಚ್ಚಳ ಮೇಲಿನ ಬೆಳಕನ್ನೂ ಕೆಳಕ್ಕೆ ತಿರುಗಿಸುವುದರಿಂದ ಒಂಬತ್ತು ವ್ಯಾಟಿನ ಆ ಪುಟ್ಟ ದೀಪ ಒಂದೂವರೆ ಅಡಿಯಲ್ಲಿ ಸಾವಿರ ಲಕ್ಸಿನ ಆಸುಪಾಸು ಕೊಡಬಲ್ಲದು. ಕರಿಹಲಗೆಯ ಮೇಲೆ ಬರೆದುದನ್ನು ಮೇಷ್ಟ್ರು ತಮ್ಮ ಮನೆಯಲ್ಲಿ ಉಪಯೋಗಿಸಿರಲಿಲ್ಲ.

ಇನ್ನು ಗೋಡೆ. ಸೌದೆಯ ಕಾಲದ ಮಸಿ ಹಿಡಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಎರಡು ಪಾಲನ್ನೂ ಹಿಂದಿರುಗಿಸುವುದಿಲ್ಲ. ಸುಣ್ಣ ಬಳಿದ ಬಿಳಿಯ ಗೋಡೆ ಎಂಟು ಪಾಲಿನಷ್ಟು ಹಿಂದಿರುಗಿಸುತ್ತದೆ. ಹಾಗೆ ಮರಳಿದ ಬೆಳಕು ನಾಲ್ಕು ದಿಕ್ಕಿನಿಂದಲೂ ಬರುವುದರಿಂದ ನೆರಳೂ ಮೆತ್ತಗಾಗುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವವರು ಹಿತ್ತಿಲ ಕೋಣೆಯನ್ನು ಬಿಟ್ಟುಬಿಡುವುದು ರೂಢಿ. ಅಲ್ಲಿ ಹಚ್ಚಿದ ಒಂದು ಬಕೀಟು ಸುಣ್ಣ ಒಂದು ದೀಪಕ್ಕೆ ಸಮ.

ಹಾಗೆಂದು ನೆರಳೆಲ್ಲ ಕೆಟ್ಟದ್ದಲ್ಲ. ಹಲಗೆಯನ್ನು ತೋಪಡದಿಂದ ಕೀಸಿ ನಯ ಮಾಡುವಾಗ ಮೇಲಿನ ದೀಪಗಳನ್ನು ಆರಿಸಿ, ಮೇಜಿನ ದೀಪವನ್ನು ಹಲಗೆಯ ಮಟ್ಟಕ್ಕೆ ತಗ್ಗಿಸಿ, ಪಕ್ಕದಿಂದ ಬೆಳಕು ಸವರುವಂತೆ ಹಿಡಿದರೆ ಸಂಜೆಯ ಬಿಸಿಲಿನಲ್ಲಿ ಹೊಲದ ಸಾಲುಗಳು ಎದ್ದು ಕಾಣುವಂತೆ ಪ್ರತಿಯೊಂದು ಉಬ್ಬುತಗ್ಗೂ ಎದ್ದು ಕಾಣುತ್ತದೆ. ಉಳಿಯಿಂದ ಗೀಚಿದ ಗೆರೆಯೂ ಹಾಗೆಯೇ. “ಬೆರಳಿನಲ್ಲಿ ಸವರಿ ನೋಡೋ ಬದಲು ಬೆಳಕಿನಲ್ಲಿ ಸವರಿ ನೋಡಿ,” ಎಂದು ಆಚಾರ್ಯರು ತಮ್ಮ ಶಿಷ್ಯರಿಗೆ ಹೇಳುವುದುಂಟು. ಕೂಸು ಮಲಗುವ ತೊಟ್ಟಿಲಿನಲ್ಲಿ ಒಂದು ಸಿಬಿರೂ ಉಳಿಯಬಾರದಷ್ಟೆ!

ಬಣ್ಣದ ಮಾತು

ಆಚಾರ್ಯರ ಕಸುಬಿನಲ್ಲಿ ಬೆಳಕಿಗೆ ಇನ್ನೊಂದು ಪರೀಕ್ಷೆಯುಂಟು. ಅವರ ಚಿತ್ರಗಳಲ್ಲಿ ಮರಕ್ಕೆ ಬಣ್ಣ ಹಚ್ಚುವುದಿಲ್ಲ. ಮರದ ಸಹಜವಾದ ಬಣ್ಣವೇ ಆಕಾಶವೂ ಆನೆಯೂ ಆಗಬೇಕು. ರಾತ್ರಿ ಒಂದೇ ಬಣ್ಣವಾಗಿ ಕಂಡ ಎರಡು ಚೂರುಗಳು ಬೆಳಗಿನ ಬಿಸಿಲಿನಲ್ಲಿ ಬೇರೆಯಾಗಿ ಕಂಡರೆ ದಿನದ ಕೆಲಸ ಹಾಳಾದಂತೆಯೇ. ಸೀರೆ ಅಂಗಡಿಯ ದೀಪದಲ್ಲಿ ಒಪ್ಪಿದ ಬಣ್ಣವನ್ನು ಬೀದಿಗೆ ತಂದು ನೋಡಿ ಬೆಚ್ಚಿದ ಗೃಹಿಣಿಯರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬಿಳಿಯಾಗಿ ಕಾಣುವ ಎಲ್ಲ ಬೆಳಕೂ ಒಂದೇ ಅಲ್ಲ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ತುಂಬಿರುತ್ತವೆ. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪಿನ ಪಾಲು ಕಡಮೆ.

ದೀಪದ ಪೆಟ್ಟಿಗೆಯ ಮೇಲೆ ಸಿ.ಆರ್.ಐ. ಎಂಬ ಅಂಕಿಯಿರುತ್ತದೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುವುದೆಂಬುದರ ಗುರುತು ಅದು. ನೂರು ಪೂರ್ಣಾಂಕ. ಸಾಧಾರಣ ಕೆಲಸಕ್ಕೆ 80 ಸಾಕು. ಬಣ್ಣ ಹೊಂದಿಸುವವರು 90ಕ್ಕೆ ಕಡಮೆಯಾದುದನ್ನು ಕೊಳ್ಳಬಾರದು. ಅದೇ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಇನ್ನೊಂದು ಅಂಕಿ. 2,700 ಎಂದರೆ ಹಳೆಯ ಬಲ್ಬಿನ ಹಳದಿ. 6,500 ಎಂದರೆ ನೀಲಿ ಬೆರೆತ ಬಿಳುಪು. 4,000 ಇವೆರಡರ ನಡುವಿನ ಸೌಮ್ಯವಾದ ಬಿಳುಪು. ಕೋಣೆಯ ಎಲ್ಲ ದೀಪಗಳೂ ಒಂದೇ ಅಂಕಿಯವಾಗಿರಲಿ. ಎರಡು ಬಗೆಯ ಬೆಳಕು ಬೆರೆತರೆ ಬಣ್ಣದ ನಿರ್ಣಯ ಕೆಡುತ್ತದೆ.

ನಿಂತಂತೆ ಕಾಣುವ ಚಕ್ರ

ತೊಟ್ಟಿಲಿನ ನಾಲ್ಕು ಮೂಲೆಗೆ ಬಣ್ಣದ ಗುಂಡುಗಳು ಬೇಕಲ್ಲ. ಅವನ್ನು ಮೇಷ್ಟ್ರು ತಾವೇ ಮಾಡಲಾರರು. ಬೆಂಗಳೂರಿನ ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ಬಿಳಿಯ ಆಲೆಮರವನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೆ ಅರಗು ಕರಗಿ ಹರಡುವಂತೆ ಮಾಡುವವರ ಮನೆಗಳೇ ಬೇಕಾದಷ್ಟಿವೆ. ಗುಂಡುಗಳನ್ನು ಅಲ್ಲಿಂದ ತರಿಸುವುದೆಂದಾಯಿತು. ಆದರೆ ಮನೆಯಲ್ಲಿ ಲೇತ್, ಚಕ್ರಗರಗಸ ಮುಂತಾದ ತಿರುಗುವ ಯಂತ್ರಗಳನ್ನು ಇಟ್ಟುಕೊಂಡವರೆಲ್ಲ ಬೆಳಕಿನ ಬಗ್ಗೆ ತಿಳಿದಿರಬೇಕಾದ ಒಂದು ಅಪಾಯವುಂಟು.

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದುಮುಂದು ಹರಿಯುತ್ತದೆ. ಚೋಕು, ಸ್ಟಾರ್ಟರುಗಳಿರುವ ಹಳೆಯ ಟ್ಯೂಬುದೀಪ ಆದಕಾರಣ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ಎಡೆಬಿಡದ ಬೆಳಕಾಗಿಯೇ ಕಾಣುತ್ತದೆ. ತಿರುಗುವ ಯಂತ್ರ ಮಾತ್ರ ಗುಟ್ಟು ರಟ್ಟು ಮಾಡುತ್ತದೆ. ನಾಲ್ಕು ಹಲ್ಲುಗಳ ಹಿಡಿಕೆಯೊಂದು ನಿಮಿಷಕ್ಕೆ 1,500 ಸುತ್ತು, ಎಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಬಹುದು. ಒಂದು ಮಿನುಗಿನಿಂದ ಇನ್ನೊಂದಕ್ಕೆ ಅದು ಸರಿಯಾಗಿ ಕಾಲು ಸುತ್ತು ತಿರುಗಿರುತ್ತದೆ. ಒಂದು ಹಲ್ಲಿದ್ದ ಜಾಗಕ್ಕೆ ಮುಂದಿನ ಹಲ್ಲು ಬಂದು ನಿಂತಿರುತ್ತದೆ. ಪರಿಣಾಮವಾಗಿ ಹಿಡಿಕೆ ನಿಂತುಬಿಟ್ಟಂತೆ ಕಾಣುತ್ತದೆ! ವೇಗ 1,440ಕ್ಕೆ ಇಳಿದರೆ ಸೆಕೆಂಡಿಗೆ ಒಂದು ಸುತ್ತಿನಂತೆ ನಿಧಾನವಾಗಿ ಹಿಂದಕ್ಕೆ ತಿರುಗುವಂತೆ ಕಾಣುತ್ತದೆ. ಯಂತ್ರ ನಿಲ್ಲುತ್ತಿದೆ ಎಂದು ನಂಬಿ ಕೈಯಿಟ್ಟರೆ ಮುಂದಿನದನ್ನು ಹೇಳಬೇಕಾಗಿಲ್ಲ. ಸದ್ದು ಬೇರೆ ಯಂತ್ರಗಳ ಸದ್ದಿನಲ್ಲಿ ಮುಳುಗಿದಾಗ ಕಣ್ಣೊಂದನ್ನೇ ನಂಬುವುದು ಮನುಷ್ಯ ಸ್ವಭಾವ.

ತಂತಿಯ ಬಲ್ಬಿನಲ್ಲಿ ಕಾದ ತಂತಿ ಒಮ್ಮೆಲೇ ಆರದಿರುವುದರಿಂದ ಈ ದೋಷ ಕಡಮೆ. ಹಳಬರು ಲೇತಿನ ಪಕ್ಕದಲ್ಲಿ ಒಂದು ಬಲ್ಬನ್ನು ಇಟ್ಟುಕೊಳ್ಳುತ್ತಿದ್ದುದು ಸಕಾರಣವಾಗಿಯೇ. ಒಳ್ಳೆಯ ಎಲ್‌ಇಡಿಗಳಲ್ಲಿ ವಿದ್ಯುತ್ತನ್ನು ಸಮವಾಗಿ ಹರಿಸುವ ಮಂಡಲವಿರುತ್ತದೆ. ಅಗ್ಗದವುಗಳಲ್ಲಿ ಅದನ್ನು ಉಳಿತಾಯ ಮಾಡಿರುತ್ತಾರೆ, ಹಳೆಯ ಟ್ಯೂಬಿನಂತೆಯೇ ಅವೂ ಮಿನುಗುತ್ತವೆ. ಪರೀಕ್ಷೆ ಸುಲಭ. ಮೊಬೈಲ್ ಫೋನಿನ ನಿಧಾನಚಲನೆಯ ಕ್ಯಾಮೆರಾದಲ್ಲಿ ದೀಪವನ್ನು ಹಿಡಿದು ನೋಡಿದರೆ ಮಿನುಗು ಕಣ್ಣಿಗೇ ಕಾಣುತ್ತದೆ. ಹಾಗೆ ಮಿನುಗುವ ದೀಪವನ್ನು ನಡುಮನೆಗೆ ಬೇಕಾದರೆ ಹಾಕಬಹುದು, ಯಂತ್ರದ ಬಳಿಗೆ ಬೇಡ.

ತಂತಿ ಎಳೆಯುವಾಗ ಎರಡು ಮೂರು ಮಾತುಗಳನ್ನು ನೆನಪಿಡಬೇಕು. ದೀಪಕ್ಕೂ ಯಂತ್ರಕ್ಕೂ ಒಂದೇ ಮಾರ್ಗದಿಂದ ವಿದ್ಯುತ್ತು ಕೊಡಬಾರದು. ಗರಗಸ ಸಿಕ್ಕಿಕೊಂಡು ಅದರ ರಕ್ಷಕ ಸ್ವಿಚ್ಚು ಬಿದ್ದರೆ ದೀಪವೂ ಆರಿ, ಇನ್ನೂ ಸುತ್ತುತ್ತಿರುವ ಹಲ್ಲಿನ ಮುಂದೆ ಮನುಷ್ಯ ಕತ್ತಲಲ್ಲಿ ನಿಲ್ಲುತ್ತಾನೆ. ಲೋಹದ ಮೈಯ ದೀಪಗಳಿಗೆ ಅರ್ತಿಂಗ್ ಇರಲೇಬೇಕು. ವಿದ್ಯುತ್ತು ಸೋರಿದರೆ ಕೂಡಲೆ ಕಡಿದುಹಾಕುವ 30 ಮಿಲಿಆಂಪಿಯರಿನ ರಕ್ಷಕವೂ ಇರಲಿ. ಹಳೆಯ ಟ್ಯೂಬಿನ ಪಟ್ಟಿಗೆ ಹೊಸ ಎಲ್‌ಇಡಿ ಕೊಳವೆಯನ್ನು ಸಿಕ್ಕಿಸುವ ಗೋಜಿಗಿಂತ ಪಟ್ಟಿಯನ್ನೇ ಬದಲಾಯಿಸುವುದು ಕ್ಷೇಮ. ಈ ಕೆಲಸವನ್ನೆಲ್ಲ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರೇ ಮಾಡಲಿ. ಮರಗೆಲಸ ಬಲ್ಲವನು ವಿದ್ಯುತ್ತಿನ ಕೆಲಸವನ್ನೂ ಬಲ್ಲನೆಂದೇನಿಲ್ಲ. ತಿಂಗಳಿಗೊಮ್ಮೆ, ಸ್ವಿಚ್ಚು ಆರಿಸಿ, ಒಣಬಟ್ಟೆಯಿಂದ ದೀಪಗಳ ಪುಡಿ ಒರೆಸುವುದಷ್ಟು ಮನೆಯವರ ಪಾಲಿನ ಕೆಲಸ.

ಬೀಗದಕೈ

ಮೇಷ್ಟ್ರ ಕೋಣೆಗೆ ಸುಣ್ಣವಾಯಿತು, ಮೂರು ಪಟ್ಟಿಗಳೂ ಬಂದುವು, ಎಡಗಡೆ ತೋಳಿನ ದೀಪ ನಿಂತಿತು. ಆದರೆ ಮನೆಯಾಕೆ ಒಂದು ಷರತ್ತು ಹಾಕಿದ್ದರು: “ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ, ಆಮೇಲೆ ಬೀಗದಕೈ.” ಅದು ವಿವೇಕದ ಮಾತು. ಬೆಳಕು ಔಷಧಿಯಲ್ಲ. ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಒಂದು ಕಣ್ಣಿನಲ್ಲಿ ಮಂಜು ಕವಿಯುವುದು, ನೇರ ಗೆರೆ ಡೊಂಕಾಗಿ ತೋರುವುದು—ಇಂಥವಕ್ಕೆ ದೀಪ ಬದಲಾಯಿಸುತ್ತ ಕುಳಿತರೆ ರೋಗಕ್ಕೆ ಕಾಲ ಕೊಟ್ಟಂತಾಗುತ್ತದೆ. ಮೇಷ್ಟ್ರ ಬಲಗಣ್ಣಿನಲ್ಲಿ ಪೊರೆ ಈಗಷ್ಟೆ ಕಾಣಿಸಿಕೊಂಡಿದೆ, ಅವಸರವಿಲ್ಲ ಎಂದರು ವೈದ್ಯರು. ಇನ್ನೊಂದು ಸಂಗತಿಯನ್ನೂ ಅವರೇ ತೋರಿಸಿಕೊಟ್ಟರು. ಓದುವ ಕನ್ನಡಕ ಒಂದೂಕಾಲು ಅಡಿಯಾಚೆ ಮಂಜು. ಮರದ ಮೇಜಾದರೋ ಕಣ್ಣಿನಿಂದ ಎರಡಡಿ ದೂರ. ಆ ದೂರಕ್ಕೆಂದೇ ಬೇರೆ ಕನ್ನಡಕವಾಯಿತು.

ಕೋಣೆ ಮತ್ತೆ ತೆರೆಯಿತು. ಹಳೆಯ ಅಡ್ಡಪಟ್ಟಿಗಳನ್ನು ಹೊಸ ಬೆಳಕಿನಲ್ಲಿ ಹಿಡಿದು ನೋಡಿದಾಗ ಗೆರೆಯಿಂದ ಗರಗಸ ಎಲ್ಲೆಲ್ಲಿ ಓಡಿಹೋಗಿತ್ತೆಂಬುದು ಪುಸ್ತಕ ಓದಿದಂತೆ ಕಂಡಿತು. ಮೇಷ್ಟ್ರು ಎರಡನ್ನು ಎಸೆದು ಎರಡನ್ನು ತಿದ್ದಿದರು. ಕೈ ಇಪ್ಪತ್ತರ ಕೈಯೇನೂ ಆಗಲಿಲ್ಲ. ಕೆಲಸ ನಿಧಾನವಾಗಿಯೇ ನಡೆಯಿತು. ಆದರೆ ಗರಗಸ ಗೆರೆಯ ಮೇಲೆಯೇ ಹೋಯಿತು.

ತೊಟ್ಟಿಲು ಮುಗಿಯುತ್ತ ಬಂದ ಒಂದು ಸಂಜೆ ಮನೆಯಾಕೆ ಮೊರದಲ್ಲಿ ಅಕ್ಕಿ ಹಿಡಿದು ಕೋಣೆಯೊಳಕ್ಕೆ ಬಂದು, ಮೇಜಿನ ಇನ್ನೊಂದು ತುದಿಗೆ ಸ್ಟೂಲು ಎಳೆದುಕೊಂಡು ಕುಳಿತರು.

“ಇಲ್ಲೇಕೆ?” ಎಂದರು ಮೇಷ್ಟ್ರು.

“ಇಲ್ಲಿ ಕಲ್ಲು ಕಾಣುತ್ತೆ. ಅಡಿಗೆಮನೆಯಲ್ಲಿ ದೀಪ ನನ್ನ ಬೆನ್ನ ಹಿಂದೆ. ಮೂವತ್ತು ವರ್ಷದಿಂದ ನನ್ನ ನೆರಳಿನಲ್ಲೇ ತರಕಾರಿ ಹೆಚ್ಚುತ್ತಾ ಇದ್ದೀನಿ. ನೀವು ನೋಡಿಲ್ಲವೆ?”

ಮೇಷ್ಟ್ರು ನೋಡಿರಲಿಲ್ಲ. ಆಕೆಯ ಬೆರಳುಗಳ ಮೇಲೆ ಈಳಿಗೆಮಣೆಯ ಸಣ್ಣ ಸಣ್ಣ ಗಾಯಗಳ ಗುರುತುಗಳಿದ್ದುವು. ಅವೂ ಹೊಸ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡುವು. ಅವರು ಉಳಿಯನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ಅಳತೆಪಟ್ಟಿಯನ್ನೂ ಒಂದು ಹಳೆಯ ಲಕೋಟೆಯನ್ನೂ ಎತ್ತಿಕೊಂಡು ಅಡಿಗೆಮನೆಯ ಕಡೆಗೆ ನಡೆದರು.